ಮೂವತ್ತನಾಲ್ಕು ಅಂಕದ ಮೇಡಂ

ಪರದೆಯ ಮೇಲೆ ಮೂವತ್ತನಾಲ್ಕು ಎಂದು ಬಂದಾಗ ಲಿಡಿಯಾ ನಗು ತಡೆಯಲಿಲ್ಲ. ತಡೆಯಬೇಕೆಂದು ಅನಿಸಲೂ ಇಲ್ಲ. ಹಿನಕಲ್‌ನ ಆ ಶಾಲೆಯಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿದ ಪ್ರೇಮಲೀಲಾಗೆ ಉಚ್ಚಾರಣೆ ಕಲಿಸುವ ತಂತ್ರಾಂಶ ಕೊಟ್ಟ ಮರ್ಯಾದೆ ಅಷ್ಟೇ. ಐದು ನಿಮಿಷದ ಹಿಂದೆ ಅದೇ ತಂತ್ರಾಂಶ ಅಲ್ಲಿನ ಇನ್ನೊಬ್ಬ ಇಂಗ್ಲಿಷ್ ಶಿಕ್ಷಕಿ ಲಿಡಿಯಾಗೆ ನೂರಕ್ಕೆ ತೊಂಬತ್ತಾರು ಕೊಟ್ಟಿತ್ತು.

"ಇನ್ನೊಂದು ಅಂಕ ಬಂದಿದ್ರೆ ಪಾಸಾದ್ರೂ ಆಗ್ತಿದ್ರಿ" ಎಂದರು ಲಿಡಿಯಾ.

"ಇರಲಿ ಬುಡಿ" ಎಂದು ಪ್ರೇಮಲೀಲಾ ಹೆಡ್‌ಫೋನ್ ತೆಗೆದಿಟ್ಟರು. "ನಿಮಗಂತೂ ಇನ್ನು ಮೇಲೆ ಹತ್ತೋಕೆ ಜಾಗವೇ ಇಲ್ಲ."

ಲಿಡಿಯಾ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಅಸಲಿಗೆ ಅದು ನಗುವ ವಿಷಯವಾಗಿರಲಿಲ್ಲ. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದರು. ಬರುವ ಜೂನ್‌ನಿಂದ ಇಂಗ್ಲಿಷಿಗೆ ಒಬ್ಬರೇ ಸಾಕು ಎಂದು ಕಾರ್ಯದರ್ಶಿ ಸಿದ್ದಲಿಂಗಸ್ವಾಮಿ ಸುತ್ತೋಲೆ ಹೊರಡಿಸಿದ್ದರು. ಈಗೊಂದು ಪರೀಕ್ಷೆ, ಮಾರ್ಚ್‌ನಲ್ಲಿ ಇನ್ನೊಂದು. ತಂತ್ರಾಂಶದಿಂದ ಯಾರು ಹೆಚ್ಚು ಪ್ರಯೋಜನ ಪಡೆದಿರುತ್ತಾರೋ ಅವರು ಉಳಿಯುತ್ತಾರೆ. ಈ ಪರೀಕ್ಷೆಗೆ ವಾರದ ಮೊದಲೇ ಆಯಾ ಸೋಮಮ್ಮ ಸುತ್ತೋಲೆ ಪುಸ್ತಕ ತಂದಾಗ ಎಲ್ಲರೂ ಎಂದಿನಂತೆ ಓದದೇ ಸಹಿ ಹಾಕಿದ್ದರು. ಲಿಡಿಯಾ ಕೂಡ. ಪ್ರೇಮಲೀಲಾ ಮಾತ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದರು. ಒಂದು ಪುಟ ಇಂಗ್ಲಿಷ್ ಓದಲು ಇಷ್ಟು ಹೊತ್ತೇ ಎಂದು ಲಿಡಿಯಾಗೆ ಮರುಕವಾಗಿತ್ತು.

ಮರುಕ ಬಹಳ ದಿನ ಉಳಿಯಲಿಲ್ಲ. ಇಬ್ಬರಿಗೂ ಐವತ್ತು ದಾಟಿತ್ತು. ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳುವ ವಯಸ್ಸಲ್ಲ. ಒಬ್ಬರು ಬೀದಿಗೆ ಬೀಳಲೇಬೇಕು. ಚರ್ಚಿನಲ್ಲಿ ಪ್ರತಿ ಭಾನುವಾರ ಇಂಗ್ಲಿಷ್ ವಾಚನ ಮಾಡುವ ತಾನಂತೂ ಬೀಳುವವಳಲ್ಲ ಎಂದು ಲಿಡಿಯಾ ದಿನಾ ಒಂದು ಗಂಟೆ ಮೈಕಿನ ಮುಂದೆ ಕೂತರು. ಪಕ್ಕದ ಕಂಪ್ಯೂಟರಿನಲ್ಲಿ ಪ್ರೇಮಲೀಲಾ ಲಾಗಿನ್ ಆಗಿ, ಹೆಡ್‌ಫೋನ್ ಏರಿಸಿ, ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದರು. ಬಾಯಿ ಬಿಡುತ್ತಲೇ ಇರಲಿಲ್ಲ. ಸೋಮಾರಿ ಹೆಂಗಸು. ಅವರ ತರಗತಿಯ ಮಕ್ಕಳು ಇಂಗ್ಲಿಷನ್ನು ಸ್ಪಷ್ಟವಾಗಿ ಓದುತ್ತಿದ್ದರು ನಿಜ. ಅದು ಟಿವಿ ನೋಡಿ ಬಂದದ್ದೆಂದು ಲಿಡಿಯಾ ತೀರ್ಮಾನಿಸಿದ್ದರು.

"ಪ್ರಾಕ್ಟೀಸ್ ಬೇಡ್ವಾ ನಿಮಗೆ?" ಎಂದು ಒಮ್ಮೆ ಕುಟುಕಿದರು.

"ನೀವು ಮಾಡಿ ಕಣಮ್ಮ. ನನಗೆ ಅವಸರವಿಲ್ಲ."

ಮಾರ್ಚ್‌ನಲ್ಲಿ ಎರಡನೇ ಪರೀಕ್ಷೆ ನಡೆಯಿತು. ಲಿಡಿಯಾಗೆ ತೊಂಬತ್ತೇಳು. ಪ್ರೇಮಲೀಲಾಗೆ ಎಂಬತ್ತೊಂಬತ್ತು. ಲಿಡಿಯಾ ಒಂದು ಕ್ಷಣ ಬೆಚ್ಚಿದರೂ, ಎಷ್ಟಾದರೂ ತನಗೇ ಹೆಚ್ಚು ಎಂದು ಸಮಾಧಾನ ಮಾಡಿಕೊಂಡರು.

ಕಾರ್ಯದರ್ಶಿ ಇಬ್ಬರನ್ನೂ ಕೋಣೆಗೆ ಕರೆಸಿ ಲಿಡಿಯಾ ಕೈಗೆ ಲಕೋಟೆ ಕೊಟ್ಟರು. ಒಳಗಿದ್ದದ್ದು ಕೆಲಸದಿಂದ ಬಿಡುಗಡೆಯ ಆದೇಶ.

"ನಿಮ್ಮ ಇಂಗ್ಲಿಷ್ ಚೆನ್ನಾಗಿಲ್ಲ ಅಂತ ಯಾರೂ ಹೇಳ್ತಿಲ್ಲ" ಎಂದರು ಸಿದ್ದಲಿಂಗಸ್ವಾಮಿ. "ಆದರೆ ಇಷ್ಟು ಖರ್ಚು ಮಾಡಿ ತಂದ ತಂತ್ರಾಂಶದಿಂದ ಏನು ಉಪಯೋಗವಾಯ್ತು ಅಂತ ಸಮಿತಿ ಕೇಳುತ್ತೆ. ನೀವು ಕಲಿತದ್ದು ಒಂದಂಕ. ಇವರು ಐವತ್ತೈದು."

ಲಿಡಿಯಾ ಆದೇಶವನ್ನು ಮೇಜಿನ ಮೇಲೆ ಕುಕ್ಕಿದರು. "ಇವರು ಒಂದು ದಿನವೂ ಕಲೀಲಿಲ್ಲ ಸರ್. ಸುಮ್ಮನೆ ಕೂತಿದ್ರು. ನಾನೇ ಕಣ್ಣಾರೆ ನೋಡಿದ್ದೀನಿ."

"ಏನೂ ಕಲೀದೆ ಮೂವತ್ತನಾಲ್ಕು ಹೋಗಿ ಎಂಬತ್ತೊಂಬತ್ತು ಆಗುತ್ತೇನ್ರೀ ಮೇಡಂ?"

ಆಗುತ್ತದೆ, ಮೊದಲ ಸಲ ಬೇಕೆಂದೇ ತಪ್ಪಾಗಿ ಓದಿದ್ದರೆ.