ತೊಟ್ಟಿಯ ಮೊದಲ ನೀರು

ಹುಲಗಮ್ಮ ಮುಂದೆ ಹಿಡಿದ ಹಿತ್ತಾಳೆ ಚೊಂಬನ್ನು ಕಂಡು ಸಿಮೆಂಟಿನ ಸಂಶೋಧಕಿ ಭವಾನಿ ಒಂದು ಹೆಜ್ಜೆ ಹಿಂದೆ ಸರಿದಳು. ದನಗಳಿಗೆಂದು ಕಟ್ಟಿಸಿದ ಹೊಸ ತೊಟ್ಟಿ ಅಂಚಿನವರೆಗೂ ತುಂಬಿತ್ತು. ಅದರ ಗೋಡೆಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದೂ ಆಗಿತ್ತು.

"ಗಂಗಮ್ಮನ ಪೂಜಿ ಆತ್ರಿ ಅಕ್ಕಾರ. ಕಟ್ಟಿಸಿದವರು ಒಂದು ಗುಟುಕು ಕುಡದ ಮ್ಯಾಲೇ ನಮ್ಮ ದನಕ್ಕ ಕುಡಸೂದು," ಎಂದಳು ಹುಲಗಮ್ಮ.

ತೊಟ್ಟಿ ತುಂಬಿಸಿಡಿ ಎಂದು ಕೊಪ್ಪಳದಿಂದ ಫೋನು ಮಾಡಿದ್ದು ಭವಾನಿಯೇ, ಕಾಂಕ್ರೀಟು ನೀರುಂಡು ಗಟ್ಟಿಯಾಗಲಿ ಎಂದು. ತುಂಬಿದ ತೊಟ್ಟಿ ಎಂದರೆ ಹುಲಿಹೈದರ ಊರಿನವರಿಗೆ ದನ ಕುಡಿಯುವ ನೀರು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಕಬ್ಬಿಣದ ಕಾರ್ಖಾನೆಯಲ್ಲಿ ಅದಿರು ಕರಗಿಸಿ ಉಳಿದ ಕಿಟ್ಟವನ್ನು ಅರೆದು ಬೆರೆಸಿದ, ತೊಟ್ಟಿಗೆ ಬಳಸಿದ ಈ ಹೊಸ ಸಿಮೆಂಟಿನಿಂದ ಸಿಮೆಂಟು ಕಾರ್ಖಾನೆಯ ಹೊಗೆ ಎಷ್ಟು ಕಡಿಮೆಯಾಗುತ್ತದೆ ಎಂದು ಅವಳು ಅಳೆದಿದ್ದಳು. ಅಷ್ಟನ್ನೇ ನಂಬಿ, ಊರ ಕಟ್ಟೆಯ ಮೇಲೆ ಕೂತು, "ಇದರಿಂದ ಏನೂ ಕೆಡಂಗಿಲ್ಲ" ಎಂದು ಎಲ್ಲರಿಗೂ ಭರವಸೆ ಕೊಟ್ಟಿದ್ದಳು. ಅದರಿಂದ ನೀರಿಗೆ ಏನೇನು ಇಳಿಯುತ್ತದೆ ಎಂಬ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ.

ಚೊಂಬನ್ನು ತುಟಿಯವರೆಗೆ ಒಯ್ದಳು. ಕುಡಿಯದೆ ಕೆಳಗಿಳಿಸುವಾಗ ನೀರು ದುಪಟ್ಟಾದ ಮೇಲೆ ಚೆಲ್ಲಿತು.

"ನನಗ ಈಗ ನೀರಡಿಕಿ ಇಲ್ಲಬೇ ಯವ್ವಾ," ಎಂದಳು. ಬಿಸಿಲಿಗೆ ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡಳು.

ಹುಲಗಮ್ಮ ಅವಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ, ಆಗಲೇ ತೊಟ್ಟಿಗೆ ಮೂತಿ ಚಾಚಿದ್ದ ತನ್ನ ಎಮ್ಮೆಯ ಹಗ್ಗವನ್ನು ಎರಡೂ ಕೈಯಿಂದ ಹಿಂದಕ್ಕೆ ಜಗ್ಗಿದಳು.