ಕಡಲಬಾಗಿಲ ದನಿ

ಭೂಮಿಯ ಮೇಲೆ ಕಣ್ಣು ಕಾಣುವವರು ಯಾರೂ ಉಳಿಯದೆ ತಲೆಮಾರುಗಳೇ ಕಳೆದಿದ್ದವು. ಉಕ್ಕುವ ಕಡಲನ್ನು ಊರಿಗೆ ನುಗ್ಗದಂತೆ ತಡೆಯುವ ಕಾರವಾರದ ಕಡಲಬಾಗಿಲು ಕಾಯುವ ರುಕ್ಮಾ ತಾಂಡೇಲ, ಪರದೆಯಲ್ಲಿ ಮೂಡಿದ್ದನ್ನು ಕಂಪ್ಯೂಟರು ಓದಿ ಹೇಳಿದಂತೆ ಬಾಗಿಲನ್ನು ತೆರೆದು ಮುಚ್ಚುತ್ತಿದ್ದಳು. ಅಂದು ಕಡಲು ಉಕ್ಕುವ ಹೊತ್ತಿಗೆ ಆ ದನಿ ನಿಂತುಹೋಯಿತು.

“ಪರದೆ ನೋಡಿ ಹೇಳೂಕೆ ಯಾರಿದ್ದಾರೆ ಅಕ್ಕಾ? ಓಡುವಾ!” ಎಂದ ಜೊತೆಗಾರ ಮಾಬ್ಲು.

ರುಕ್ಮಾ ಯಂತ್ರದ ಮೇಲೆ ಅಂಗೈಯಿಟ್ಟಳು. ಫ್ಯಾನು ತಿರುಗುತ್ತಿತ್ತು. “ಜೀವ ಉಂಟು ಮಾರಾಯಾ, ಮಾತೊಂದು ಹೋಗಿದೆ.”

ದನಿಯನ್ನು ಎಬ್ಬಿಸುವ ಕೀಲಿಗಳನ್ನು ಒತ್ತಿದಳು. ಉತ್ತರವಿಲ್ಲ. ಪರದೆಯಲ್ಲಿ ಯಾವುದೋ ಪ್ರಶ್ನೆ ಅಡ್ಡ ನಿಂತಿರಬೇಕೆಂದು ಎಸ್ಕೇಪ್ ಒತ್ತಿ ಸರಿಸಿದಳು. ಮತ್ತೆ ಅದೇ ಕೀಲಿಗಳನ್ನು ಒತ್ತಿದಳು.

“ಬಾಗಿಲು ತೆರೆದಿದೆ. ಮುಚ್ಚಲೇ?” ಎಂದಿತು ದನಿ.

“ಮುಚ್ಚು ನನ್ನಪ್ಪಾ!” ಎನ್ನುತ್ತಲೇ ಅವಳು ಎಂಟರ್ ಒತ್ತಿದಳು. ಮುಚ್ಚಿದ ಬಾಗಿಲಿಗೆ ಅಲೆಯೊಂದು ಬೆಟ್ಟ ಉರುಳಿದಂತೆ ಅಪ್ಪಳಿಸಿ, ಹಿಂದೆ ಸರಿಯಿತು. ರುಕ್ಮಾ ಮೈ ಜುಮ್ಮೆಂದು ಕೂತಲ್ಲೇ ಕೈಮುಗಿದಳು. ಕಡಲಿಗೋ ದನಿಗೋ, ಅವಳಿಗೇ ತಿಳಿಯಲಿಲ್ಲ.