ಒಲೆ ಉರಿಯದ ಮನೆಯ ಅನ್ನದ ವಾಸನೆ

ಸಣ್ಣಕ್ಕಿ ಬೇಯುವ ಪರಿಮಳ ಬಂದರೆ ಈಗಲೂ ಬೆನ್ನ ಹಿಂದೆ ತಿರುಗಿ ನೋಡುತ್ತೇನೆ.

ಪಕ್ಕದ ಮನೆಯಲ್ಲಿದ್ದ ಗಂಗತ್ತೆ, ಅಪ್ಪನ ತಂಗಿ, ಹಾವನ್ನೂ ಹೊಡೆಯಲು ಬಿಡುತ್ತಿರಲಿಲ್ಲ. ಅಟ್ಟದಲ್ಲಿ ಒಂದು ಪುನುಗು ಬೆಕ್ಕಿಗೆ ಜಾಗ ಕೊಟ್ಟಿದ್ದರು. ಅದರ ಮೈಗೂ ಸಣ್ಣಕ್ಕಿಯದೇ ಪರಿಮಳ. “ನಾನೇನ್ ಅನ್ನಕ್ಕಿಟ್ಟಿಲ್ಲ ಮಗಾ, ಅವ್ಳು ಎದ್ದವ್ಳೆ ಅಷ್ಟೆ,” ಎಂದು ನಗುತ್ತ ಅಟ್ಟದತ್ತ ಬಾಳೆಹಣ್ಣು ಎತ್ತಿ ಹಿಡಿಯುತ್ತಿದ್ದರು. ಅದು ಅತ್ತೆಯ ಕೈಯಿಂದ ಮಾತ್ರ ತಿನ್ನುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಲೆ ಉರಿಯಲಿಲ್ಲ. ಆದರೂ ಒಂದು ಮಧ್ಯಾಹ್ನ ಅಲ್ಲಿಂದ ಅನ್ನದ ವಾಸನೆ ಬಂತು. ಕಣದಲ್ಲಿ ಕಾಫಿ ಹರಡುತ್ತಿದ್ದ ಅವ್ವ ಕೈ ನಿಲ್ಲಿಸಿ, “ಆ ಕಡೆ ಹೋಗ್ಬೇಡ,” ಎಂದಳು.

ನಾನು ಬಾಳೆಹಣ್ಣು ಹಿಡಿದು ಹಿಂಬಾಗಿಲಿಂದ ಒಳಹೋದೆ. ತಣ್ಣಗಿನ ಒಲೆಕಟ್ಟೆಯ ಮೇಲೆ ಪುನುಗು ಕೂತಿತ್ತು. ನನ್ನ ಕೈಯ ಹಣ್ಣಿನತ್ತ ನೋಡಲೂ ಇಲ್ಲ. ನನ್ನ ಭುಜದಾಚೆ, ಸರಿಯಾಗಿ ಅತ್ತೆಯ ಎತ್ತರಕ್ಕೆ ಮುಖವೆತ್ತಿತು. ಆಮೇಲೆ ಬಾಯಿ ತೆರೆದು, ನಿಧಾನವಾಗಿ ಏನನ್ನೋ ಅಗಿಯತೊಡಗಿತು.